ಬೆಕ್ಕಿಗೆ ಜವಳ ತೆಗೆಸಿದ್ದು

ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವುದು ನನ್ನ ಕೆಲಸವಾಗಿತ್ತು. ನಾಗಪುರದಲ್ಲಿ ಬ್ಯಾಂಕು, ರೈಲ್ವೆ, ಮದ್ದುಗುಂಡಿನ ಕಾರ್ಖಾನೆ ಎಂದು ಬಂದು ಸೇರಿದ ಕನ್ನಡದ ಮನೆಗಳಲ್ಲಿ ಹೆರಿಗೆಯಾದರೆ ನನಗೆ ಹೇಳಿಕಳಿಸುತ್ತಿದ್ದರು. ನನ್ನ ಗಂಡ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿದ್ದ. ಅವನು ಹೋದ ಮೇಲೆ ಗದಗಿನ ಕಡೆ ಹೋಗಿ ಮಾಡುವುದೇನಿದೆ ಎಂದು ಇಲ್ಲೇ ಉಳಿದೆ.

ನನ್ನ ಓದು ಮೂರನೇ ಇಯತ್ತೆಗೆ ನಿಂತಿತು. ಈ ಕೆಲಸಕ್ಕೆ ಓದು ಬೇಕಾಗಿಯೂ ಇಲ್ಲ. ಮಣೆಯ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ಮೊದಲ ದಿನ ಕೂಸು ಸೆಟೆದುಕೊಳ್ಳುತ್ತದೆ. ಮೂರನೇ ದಿನ ಸಡಿಲಾಗುತ್ತದೆ. ಅಷ್ಟೇ ವಿದ್ಯೆ. ನನ್ನ ಕೈಯಿಂದ ಒಂದು ಕೂಸೂ ಜಾರಿಲ್ಲ. ಅದನ್ನು ಬಿಟ್ಟರೆ ನನಗೆ ಹೇಳಿಕೊಳ್ಳುವಂಥ ಹೆಸರು ಬೇರೆ ಇಲ್ಲ.

ಆ ಹೆಸರು ಒಂದು ಬೆಕ್ಕಿನಿಂದ ಹೋಗುವುದರಲ್ಲಿತ್ತು. ಮೊಬೈಲ್ ಫೋನು ಹೆಂಗಸರ ಕೈಗೂ ಬಂದ ಕಾಲದ ಮಾತು.

ಧರಮಪೇಠದಲ್ಲಿ ಒಂದು ಮನೆ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಯಜಮಾನಿ ಮೈಸೂರಿನ ಕಡೆಯವರು. ಮಾತು ನಾಜೂಕು, ಕಣ್ಣು ಚುರುಕು. ಒಬ್ಬಳೇ ಮಗಳು, ಪುಣೆಗೆ ಕೊಟ್ಟಿದ್ದರು. ಅವಳು ಏಳು ತಿಂಗಳಿಗೆ ಹೆರಿಗೆಗೆಂದು ತವರಿಗೆ ಬಂದಳು. ಬರುವಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಬೆಕ್ಕು. ಗಂಡನಿಗೆ ಊರೂರು ತಿರುಗುವ ಕೆಲಸವಂತೆ, ಅತ್ತೆ ಬೆಕ್ಕಿನ ಮುಂದೆ ಒಂದು ಬಟ್ಟಲು ನೀರೂ ಇಡುವವರಲ್ಲವಂತೆ.

ಯಜಮಾನಿ ನನಗೆ ಹೇಳಿಕಳಿಸಿದಾಗ ಹೆರಿಗೆಯ ವಿಷಯವೆಂದೇ ಹೋದೆ.

“ಅಜ್ಜಿ, ಹೆರಿಗೆಗೆ ಇನ್ನೂ ಟೈಮಿದೆ. ಈಗ ಈ ಬೆಕ್ಕನ್ನ ಒಂದಷ್ಟು ದಿನ ನಿಮ್ಮ ಮನೇಲಿ ಇಟ್ಕೊಳ್ತೀರಾ? ಮಗು ಬರೋ ಮನೇಲಿ ಬೆಕ್ಕಿನ ಕೂದಲು ಆಗಲ್ಲ” ಎಂದರು.

“ನಾ ಕೂಸು ನೋಡಾಕಿ ರಿ ಅಮ್ಮಾರ. ಬೆಕ್ಕು ನೋಡಾಕಿ ಅಲ್ಲ.”

ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಂದಳು. “ಅಜ್ಜಿ, ಪ್ಲೀಸ್. ಇವನು ಏನೂ ತ್ರಾಸ್ ಕೊಡಲ್ಲ. ಒಂದು ಸಲ ಎತ್ಕೊಂಡು ನೋಡಿ, ಬಸ್.”

ಬುಟ್ಟಿ ತೆರೆದಳು. ಬೆಕ್ಕೆಂದರೆ ನಾನು ಕಂಡದ್ದು ಕೆನ್ನೆ ಬತ್ತಿದ, ಕದ್ದು ತಿನ್ನುವ, ಕದ್ದದ್ದು ಗೊತ್ತಾದರೆ ಗುರ್ರೆನ್ನುವ ಬೆಕ್ಕು. ಇದು ಐದು ತಿಂಗಳ ಮರಿ ಎಂದರು. ನಮ್ಮ ಓಣಿಯ ದೊಡ್ಡ ಬೆಕ್ಕಿನಷ್ಟಿತ್ತು. ಮೈಯೆಲ್ಲ ಹಾಲಿನ ಕೆನೆಯ ಬಣ್ಣ, ಉದ್ದ ಕೂದಲು, ಕೈ ಇಟ್ಟರೆ ಬೆರಳು ಕಾಣದು. ಮೂಗಿಗೆ, ಕಿವಿಗೆ, ಬಾಲಕ್ಕೆ ಮಾತ್ರ ಹೊಗೆ ತಾಗಿದ ಹಾಗೆ ತೆಳ್ಳನೆಯ ಕಂದು. ನಾಲ್ಕೂ ಪಾದ ಬೆಳ್ಳಗೆ, ಶಾಲೆಯ ಹುಡುಗರ ಕಾಲುಚೀಲದಂತೆ. ಕಣ್ಣು ನೀಲಿ. ಬಿಳಿ ಬಟ್ಟೆ ಅದ್ದುವ ಬಕೆಟ್ಟಿಗೆ ನೀಲಿ ಒಂದು ಹನಿ ಹೆಚ್ಚು ಬಿದ್ದರೆ ನೀರು ಯಾವ ಬಣ್ಣವಾಗುತ್ತದೋ ಆ ಬಣ್ಣ. ಜಾತಿಯ ಹೆಸರು ರ‍್ಯಾಗ್‌ಡಾಲ್ ಎಂದಳು. ಚಿಂದಿಯ ಗೊಂಬೆ ಎಂದು ಅರ್ಥವಂತೆ.

ಎತ್ತಿಕೊಂಡೆ. ಎತ್ತಿದ ಕೂಡಲೇ ಅದರ ಕತ್ತು ಒಂದು ಕಡೆ ಬಿತ್ತು, ನಾಲ್ಕು ಕಾಲು ನಾಲ್ಕು ಕಡೆ ಬಿದ್ದವು. ಹಿಂಡದೆ ಎತ್ತಿದ ಒದ್ದೆ ಸೀರೆಯಂತೆ ಕೈಯಲ್ಲಿ ಇಳಿಬಿತ್ತು.

ಹುಟ್ಟಿದ ಕೂಸು ಹೀಗೆ ಕೈಯಲ್ಲಿ ಜೋತು ಬಿದ್ದರೆ ಒಳ್ಳೆಯದಲ್ಲ. ಅಂಥ ಎರಡು ಕೂಸು ನೋಡಿದ್ದೇನೆ. ಯೋಚನೆ ಮಾಡದೆ ಬೆಕ್ಕನ್ನು ಬೋರಲು ಹಾಕಿ ಹಿಂಗಾಲಿನ ಅಂಗಾಲಿಗೆ ಎರಡು ಏಟು ಹಾಕಿದೆ. ಅದು ತಲೆ ಎತ್ತಿ ನನ್ನನ್ನು ನೋಡಿತು. ಮತ್ತೆ ತಲೆ ಇಳಿಬಿಟ್ಟು ಗುರುಗುರು ಅನ್ನತೊಡಗಿತು.

“ಅಜ್ಜಿ, ಏನ್ ಮಾಡ್ತಿದ್ದೀರಾ!” ಎಂದು ಮಗಳು ಕೂಗಿದಳು.

“ಇದಕ್ಕ ಜೀವ ಕಡಿಮಿ ಐತಿ ತಂಗಿ.”

“ಇಲ್ಲ ಅಜ್ಜಿ, ಇದರ ಸ್ವಭಾವನೇ ಹಾಗೆ. ಎತ್ತಿದರೆ ಹೀಗೇ ಬೀಳೋದು.”

ಎತ್ತಿದರೆ ಬೀಳುವುದೂ ಒಂದು ಸ್ವಭಾವವೇ ಎಂದುಕೊಂಡೆ. ಆದರೆ ಕಾಲು ಚಾಚಿ ಕೂತು ಮಲಗಿಸಿ ನೋಡಿದರೆ, ಮೂರನೇ ದಿನಕ್ಕೆ ಕಾಯಬೇಕಾಗಲಿಲ್ಲ, ಆಗಲೇ ಸಡಿಲಾಗಿತ್ತು. ಮನೆಗೆ ತಂದೆ.

ಬೆಕ್ಕಿನ ಕೆಲಸ ಅದಕ್ಕೆ ಒಂದೂ ಗೊತ್ತಿರಲಿಲ್ಲ. ನನ್ನದು ಒಂದೇ ಕೋಣೆ, ಮುಂದೆ ತಗಡಿನ ಪಡಸಾಲೆ. ಒಂದು ದಿನ ಇಲಿ ಬಂತು. ಇಲಿ ಕೂತು ಅದನ್ನು ನೋಡಿತು, ಅದು ಕೂತು ಇಲಿಯನ್ನು ನೋಡಿತು. ಇಬ್ಬರಿಗೂ ಸಾಕಾದ ಮೇಲೆ ಇಲಿ ಜೋಳದ ಚೀಲದ ಹಿಂದೆ ಹೋಯಿತು. ಗೋಡೆ ಹತ್ತುವುದು, ಕಪಾಟು ಹತ್ತುವುದು ಇಲ್ಲ. ಎಲ್ಲವೂ ನೆಲದ ಮೇಲೆಯೇ. ಉಗುರು ಇದ್ದವು, ಹೊರಗೆ ತೆಗೆದದ್ದು ನಾನು ನೋಡಲಿಲ್ಲ. ಕೂಗು ಇತ್ತು, ಎಣ್ಣೆ ಕಾಣದ ಬಾಗಿಲ ತಿರುಗಣಿಯಷ್ಟು. ಹಸಿದರೂ ಅಷ್ಟೇ, ಹೊಟ್ಟೆ ತುಂಬಿದರೂ ಅಷ್ಟೇ.

ನಾನು ಹೋದಲ್ಲಿ ಬರುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ಪಕ್ಕದಲ್ಲಿ. ನಲ್ಲಿಗೆ ಹೋದರೆ ಬಾಗಿಲವರೆಗೆ ಬಂದು ಕೂತು ಕಾಯುವುದು. ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಲ್ಲಿ. ನನ್ನ ಗಂಡ ನನ್ನನ್ನು ಅಷ್ಟು ಹುಡುಕಿದ್ದಿಲ್ಲ. ಇದು ನನ್ನ ಮೇಲಿನ ಪ್ರೀತಿ ಎಂದು ನಾನು ತಿಳಿಯಲಿಲ್ಲ, ಯಾಕೆಂದರೆ ಹಾಲಿನವನು ಬಂದರೆ ಅವನ ಹಿಂದೆಯೂ ಹೋಗುತ್ತಿತ್ತು, ಸಿಲಿಂಡರ್ ತರುವವನ ಹಿಂದೆಯೂ ಹೋಗುತ್ತಿತ್ತು. ಯಾರು ಎತ್ತಿದರೂ ಅದೇ ರೀತಿ ಬೀಳುವುದು. ಪಕ್ಕದ ಮನೆಯ ಮರಾಠಿ ಹೆಂಗಸು ಅದನ್ನು ಹೆಗಲ ಮೇಲೆ ಹಾಕಿಕೊಂಡು, “ಆಜಿ, ಹೇ ಮಾಂಜರ ಆಹೇ ಕಾ ಉಶೀ?” ಎಂದಳು. ಬೆಕ್ಕೋ ತಲೆದಿಂಬೋ ಎಂದು.

“ತಲೆದಿಂಬೇ. ಮೀನು ತಿಂತೈತಿ ಅಷ್ಟ” ಎಂದೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕಳು.

ಹೋಳಿ ಮುಗಿದ ವಾರಕ್ಕೆ ಮಗಳಿಗೆ ಹೆರಿಗೆಯಾಯಿತು. ಗಂಡು ಕೂಸು, ತೂಕ ಚಲೋ ಇತ್ತು, ಗಂಟಲು ಇನ್ನೂ ಚಲೋ ಇತ್ತು. ನಾನು ದಿನಾ ಬೆಳಿಗ್ಗೆ ಹೋಗಿ ಹಿತ್ತಲ ಕಡೆಯ ಬಚ್ಚಲಿನ ತಾಮ್ರದ ಬಂಬಕ್ಕೆ ಕಟ್ಟಿಗೆ ಹಾಕಿ ನೀರು ಕಾಯಿಸಿ, ತಾಯಿಗೂ ಕೂಸಿಗೂ ಎರೆಯುತ್ತಿದ್ದೆ. ಮನೆಯಲ್ಲಿ ಗೀಝರ್ ಇತ್ತು. ಬಾಣಂತಿಗೆ ಗೀಝರಿನ ನೀರು ಆಗುವುದಿಲ್ಲ ಎಂಬ ವಿಷಯದಲ್ಲಿ ಮೈಸೂರಿಗೂ ಗದಗಿಗೂ ಜಗಳವಿರಲಿಲ್ಲ.

ಮೈಗೆ ಎಣ್ಣೆ ಹಚ್ಚುವಾಗ ಮಗಳು ದಿನಾ ಕೇಳುವಳು. “ಅಜ್ಜಿ, ಹೇಗಿದ್ದಾನೆ?”

“ಕೂಸು ಚಲೋ ಐತಲ್ಲ, ನಿನ್ನ ತೊಡಿ ಮ್ಯಾಲ ಐತಿ.”

“ಮಗು ಅಲ್ಲ ಅಜ್ಜಿ. ಅವನು.”

“ಅವನೂ ಚಲೋ ಅದಾನ.”

ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ಇನ್ನು ಮುಂದೆ ಹೇಳುವುದು ನನ್ನ ತಪ್ಪು.

ಏಪ್ರಿಲ್ ಬಂತು. ನಾಗಪುರದ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯದು. ಬೆಕ್ಕು ಬಾಯಿ ತೆರೆದು ನಾಯಿಯ ಹಾಗೆ ತೇಕತೊಡಗಿತು. ಕಂಕುಳಲ್ಲಿ, ಹೊಟ್ಟೆಯಲ್ಲಿ ಕೂದಲು ಗಂಟು ಕಟ್ಟಿ ಜಡೆಯಾಯಿತು. ಬಾಚಣಿಗೆ ಹಾಕಿದರೆ ಬಾಚಣಿಗೆಯ ಹಲ್ಲು ಮುರಿಯಿತು. ಬೆಕ್ಕು ಆಗಲೂ ಏನೂ ಅನ್ನಲಿಲ್ಲ. ನೋಯುತ್ತದೆ ಎನ್ನುವಷ್ಟಾದರೂ ಅನ್ನಬೇಕಲ್ಲ. ಅನ್ನದ ಕೂಸಿನ ನೋವು ದೊಡ್ಡವರೇ ನೋಡಬೇಕು. ಕೂಸಿಗೆ ಹುಟ್ಟುಗೂದಲು ತೆಗೆಸುತ್ತೇವೆ, ಆಮೇಲೆ ಕೂದಲು ದಟ್ಟವಾಗಿ, ಕಪ್ಪಗೆ ಬರುತ್ತದೆ. ಇದಕ್ಕೂ ಒಂದು ಜವಳ ಆಗಿಬಿಡಲಿ ಎಂದುಕೊಂಡೆ.

ನಮ್ಮವರ ಮನೆಯ ಕೂಸುಗಳ ಜವಳ ತೆಗೆಯುವ ಕ್ಷೌರಿಕ ಒಬ್ಬನಿದ್ದ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು. ಬುಟ್ಟಿ ಇಳಿಸಿದೆ. ಅವನು ನೋಡಿ, “ಅಮ್ಮಾ, ಕಾಟೇಗಾ ತೋ ನಹೀಂ?” ಎಂದ.

ಇದು ಕಚ್ಚುವುದಾದರೆ ನಾನೇ ಇದಕ್ಕೆ ಹಬ್ಬ ಮಾಡುತ್ತೇನೆ ಎಂದೆ.

ಜವಳಕ್ಕೆ ಸೋದರಮಾವನ ತೊಡೆ ಬೇಕು. ಇದಕ್ಕೆ ಸೋದರಮಾವನನ್ನು ಎಲ್ಲಿಂದ ತರಲಿ? ನನ್ನ ತೊಡೆಯ ಮೇಲೆಯೇ ಹಾಕಿಕೊಂಡೆ. ಮಷೀನು ಗರ್ ಎಂದಿತು. ಕುತ್ತಿಗೆಯಿಂದ ಬಾಲದ ಬುಡದವರೆಗೆ ಎಲ್ಲ ಹೋಯಿತು. ತಲೆ, ಕಾಲು, ಬಾಲ ಬಿಟ್ಟೆವು. ಬೆಕ್ಕು ನಡುವೆ ನಿದ್ದೆ ಹೋಗಿತ್ತು. ಎಚ್ಚರಾದಾಗ ಅದರ ಅವತಾರ ನೋಡಬೇಕಿತ್ತು. ಯಾರೋ ದೊಡ್ಡ ಬೆಕ್ಕಿನ ತಲೆಯನ್ನು ಸಣ್ಣ ಬೆಕ್ಕಿಗೆ ಇಟ್ಟ ಹಾಗೆ. ಕ್ಷೌರಿಕ ಕೂದಲಿನ ರಾಶಿ ನೋಡಿ, ಇದರಲ್ಲಿ ಇನ್ನೊಂದು ಬೆಕ್ಕು ಆಗುತ್ತದೆ ಎಂದ.

ಕೇಳಬೇಕಿತ್ತು. ಕೂಸಿನ ಜವಳಕ್ಕೆ ಹತ್ತು ಜನರನ್ನು ಕೇಳುತ್ತಾರೆ, ನಾನು ಒಬ್ಬರನ್ನೂ ಕೇಳಲಿಲ್ಲ. ಮರುದಿನ ಮಗಳು “ಹೇಗಿದ್ದಾನೆ?” ಎಂದಾಗ “ಚಲೋ ಅದಾನ” ಎಂದೆ. ಹಸಿ ಬಾಣಂತಿಗೆ ಯಾಕೆ ಹೇಳುವುದು, ಅವಳು ಪುಣೆಗೆ ಹೋಗುವಷ್ಟರಲ್ಲಿ ಕೂದಲು ಬಂದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಬೇಸಿಗೆ ಪೂರ್ತಿ ಬೆಕ್ಕು ಕೂಲರ್ ಬಿಟ್ಟು ಏಳಲಿಲ್ಲ. ನನ್ನ ಗಂಡ ಸ್ಥಾವರದ ಹಳೆಯ ತಗಡಿನಲ್ಲಿ ಮಾಡಿಸಿದ ಕೂಲರ್ ಅದು, ಮೂರು ಕಡೆ ವಾಳಾ ಎನ್ನುವ ಲಾವಂಚದ ಬೇರು ತುಂಬಿ ನೀರು ಬಿಟ್ಟರೆ ಒದ್ದೆ ಗಾಳಿ ಎಸೆಯುವುದು. ಬೆಕ್ಕು ಅದರ ಬಾಯಿಗೆ ಬೋಳು ಬೆನ್ನು ಕೊಟ್ಟು ಮಲಗಿತು. ಏಪ್ರಿಲ್ ಮಲಗಿತು, ಮೇ ಮಲಗಿತು, ಮಳೆ ಬರುವವರೆಗೆ ಮಲಗಿತು. ಕೂದಲು ಬಂತು. ಬಂದದ್ದು ಕೆನೆಯ ಬಣ್ಣದ್ದಲ್ಲ. ಬೆನ್ನು ಪೂರ್ತಿ ಹುರಿದ ಕಾಫಿ ಬೀಜದ ಬಣ್ಣ. ಮುಖವೂ ಮೊದಲಿಗಿಂತ ಕಪ್ಪಾಗಿತ್ತು, ಮೈ ಎರಡರಷ್ಟಾಗಿತ್ತು. ಜವಳದ ಗುಣ ಎಂದುಕೊಂಡು ನಾನು ಸಮಾಧಾನವಾಗಿಯೇ ಇದ್ದೆ. ಕೂಸಿಗೂ ಕಪ್ಪಗೇ ಬರುತ್ತದಲ್ಲ.

ಕೂಸಿಗೆ ಮೂರು ತಿಂಗಳು ತುಂಬಿದಾಗ ಮಗಳು ಹಟ ಹಿಡಿದಳು. “ಒಂದು ಸಲ ತಂದು ತೋರಿಸಿ ಅಜ್ಜಿ. ಹಿತ್ತಲಲ್ಲೇ ನೋಡ್ತೀನಿ.”

ತಂದೆ. ಹಿತ್ತಲ ಕಟ್ಟೆಯ ಮೇಲೆ ಬುಟ್ಟಿ ಇಟ್ಟು ಮುಚ್ಚಳ ತೆಗೆದೆ. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಯಜಮಾನಿ ಹಿಂದೆ ನಿಂತಿದ್ದರು. ಬುಟ್ಟಿಯೊಳಗೆ ನೋಡಿದವರು ಮೊದಲು ಅವರೇ.

“ಇದು ನಮ್ಮ ಬೆಕ್ಕಲ್ಲ” ಎಂದರು.

“ನಿಮ್ಮದ ರಿ ಅಮ್ಮಾರ. ಜವಳ ತೆಗಿಸೇನಿ, ಅದಕ್ಕ ಕರ್ರಗ ಬಂದೈತಿ.”

“ಏನು ತೆಗ್ಸಿದೀರಿ?”

ಹೇಳಿದೆ. ಎಲ್ಲವನ್ನೂ ಹೇಳಿದೆ, ಬೇವಿನ ಮರ ಸಹಿತ. ಹೇಳುತ್ತ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳತೊಡಗಿತು.

“ಮೂರು ತಿಂಗಳಿಂದ ದಿನಾ ಚೆನ್ನಾಗಿದಾನೆ ಚೆನ್ನಾಗಿದಾನೆ ಅಂತಿದ್ರಲ್ಲ, ಒಂದು ದಿನಾನಾದ್ರೂ ಬೋಳಿಸಿದೀನಿ ಅಂದ್ರಾ? ಅದು ಬೆಲೆಯ ಬೆಕ್ಕು ಕಣ್ರೀ. ಯಾರಾದ್ರೂ ಕೇಳಿರ್ತಾರೆ, ಕೊಟ್ಟಿರ್ತೀರಿ. ಅದರ ಬದಲು ಇದನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?”

ಮಗಳು ಮೊಬೈಲಿನಲ್ಲಿದ್ದ ಫೋಟೋ ತೆಗೆದು ಪಕ್ಕಕ್ಕೆ ಹಿಡಿದಳು. ಫೋಟೋದಲ್ಲಿ ಕೆನೆ, ಬುಟ್ಟಿಯಲ್ಲಿ ಕಾಫಿ. ಅವಳು ಬೆಕ್ಕನ್ನು ಎತ್ತಿದಳು. ಅದು ಕತ್ತು ಚೆಲ್ಲಿ, ಕಾಲು ಚೆಲ್ಲಿ, ಇಳಿಬಿತ್ತು.

“ನೋಡಮ್ಮ, ಬರೋಬರ್ ಹಾಗೇ ಬೀಳ್ತಾನೆ. ಕಣ್ಣೂ ನೀಲಿನೇ ಇದೆ.”

“ಸುಮ್ನಿರೇ. ಆ ಜಾತೀದೆಲ್ಲಾ ಹಾಗೇ ಬೀಳತ್ತೆ, ಎಲ್ಲಕ್ಕೂ ನೀಲಿ ಕಣ್ಣೇ ಅಂತ ನೀನೇ ಹೇಳಿದ್ದೆ. ಅದೇ ಜಾತೀದು ಅಗ್ಗದ್ದು ಒಂದು ತಂದಿದಾರೆ.”

ಬೆಕ್ಕು ಒಂದು ಉಪಕಾರ ಮಾಡಬಹುದಿತ್ತು. ತನ್ನ ಒಡತಿಯನ್ನು ಗುರುತು ಹಿಡಿದು ಸ್ವಲ್ಪ ಕುಣಿಯಬಹುದಿತ್ತು. ಅದು ಅವಳ ಕೈಯಿಂದ ಇಳಿದು ಯಜಮಾನಿಯ ಕಾಲ ಬಳಿ ಹೋಗಿ ಅಂಗಾತ ಬಿತ್ತು. ಆಮೇಲೆ ಪೇಪರ್ ಓದುತ್ತಿದ್ದ ಯಜಮಾನರ ಬಳಿ ಹೋಗಿ ಪೇಪರಿನ ಮೇಲೆ ಬಿತ್ತು. ಎಲ್ಲರನ್ನೂ ಒಂದೇ ತೂಕದಲ್ಲಿ ಪ್ರೀತಿಸುವವರನ್ನು ಸಾಕ್ಷಿಗೆ ಕರೆಯಬಾರದು.

“ನಾಳೆಯಿಂದ ಮಗೂಗೆ ನಾನೇ ಸ್ನಾನ ಮಾಡಿಸ್ತೀನಿ. ನೀವು ಬರಬೇಡಿ” ಎಂದರು ಯಜಮಾನಿ. “ಆ ಬೆಕ್ಕನ್ನೂ ತಗೊಂಡು ಹೋಗಿ.”

ಮಂಗಳವಾರ ಮಂಗಳವಾರ ನಮ್ಮ ಕನ್ನಡದ ಹೆಂಗಸರ ಭಜನೆ. ಆ ವಾರ ಭಜನೆಯಲ್ಲಿ ಏನು ಮಾತಾಯಿತೆಂದು ನನಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಲಿಲ್ಲ. ಲಕ್ಷ್ಮೀ ನಗರದ ಒಂದು ಮನೆಯ ಸೊಸೆಗೆ ದಿನ ತುಂಬುತ್ತಿತ್ತು, ನನಗೆ ಮೂರು ತಿಂಗಳ ಮೊದಲೇ ಹೇಳಿಟ್ಟಿದ್ದರು. ತರಕಾರಿ ಸಂತೆಯಲ್ಲಿ ಆಕೆಯ ಅತ್ತೆ ಸಿಕ್ಕಳು. ನಮ್ಮ ಕಡೆಯವಳೇ, ಬಿಜಾಪುರದವಳು.

“ಸೊಸಿ ತೌರಿಗೇ ಹೊಂಟಾಳ ರಿ ಈ ಸಲ” ಎಂದಳು, ಬದನೆಕಾಯಿ ನೋಡುತ್ತ.

“ಎಂಟು ತುಂಬಿದ ಮ್ಯಾಲ ಯಾವ ತೌರು ಬೇ? ನೇರ ಹೇಳು.”

ಬದನೆಕಾಯಿ ಕೆಳಗಿಟ್ಟಳು. “ಹಂಗಲ್ಲ ರಿ ಅಕ್ಕಾರ. ಬೆಕ್ಕು ಬದಲ್ಸಿದಾಕಿ ಅಂತ ಮಂದಿ ಮಾತಾಡ್ತಾರ. ಕೂಸಿನ ಮೈಮ್ಯಾಲ ಉಡದಾರ ಇರ್ತದ, ಬಂಗಾರ ಇರ್ತದ. ನಮ್ಮ ಮನ್ಯಾಗ ಹಿರೇರು ಒಪ್ಪವಲ್ಲರು.”

ನಾನು ಮನೆಗೆ ಬಂದು ಕೂತೆ. ಬೆಕ್ಕು ಬಂದು ಕಾಲ ಮೇಲೆ ಮಲಗಿತು. ಬೆಕ್ಕು ಬದಲಿಸಿದವಳ ಕೈಗೆ ಯಾರು ಕೂಸು ಕೊಡುತ್ತಾರೆ? ನಾನಾಗಿದ್ದರೂ ಕೊಡುತ್ತಿರಲಿಲ್ಲ. ಬೆಕ್ಕಿಗೆ ಎರಡು ಕೊಡಬೇಕೆನಿಸಿತು. ಕೊಟ್ಟರೆ ಗುರುಗುರು ಎನ್ನುತ್ತದೆ ಎಂದು ಬಿಟ್ಟೆ.

ಮರುದಿನ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹಿಡಿದು ದನದ ಡಾಕ್ಟರ ಬಳಿ ಹೋದೆ. ವಯಸ್ಸಾದ ಮರಾಠಿ ಮನುಷ್ಯ. ಬೆಕ್ಕನ್ನು ಎತ್ತಿದರು, ಬೆಕ್ಕು ಬಿತ್ತು, ಬೆನ್ನು ನೋಡಿದರು. ಮೊದಲನೇ ಮಾತೇ, “ಆಜಿ, ಕೂಲರ್‌ಸಮೋರ್ ಝೋಪತೆ ಕಾ?” ಎಂದರು. ಕೂಲರಿನ ಮುಂದೆ ಮಲಗುತ್ತದೆಯೇ ಎಂದು.

ನಾನು ದಂಗಾದೆ. ಯಾರು ಹೇಳಿದರು ನಿಮಗೆ ಎಂದೆ.

ಬೆಕ್ಕೇ ಹೇಳಿತು ಎಂದರು. ಆಮೇಲೆ ಬಿಡಿಸಿ ಹೇಳಿದರು. ಈ ಜಾತಿಯ ಕೂದಲು ಮೈ ಬೆಚ್ಚಗಿದ್ದಲ್ಲಿ ತೆಳ್ಳನೆ ಬಣ್ಣಕ್ಕೆ ಬರುತ್ತದೆ, ತಣ್ಣಗಿದ್ದಲ್ಲಿ ಕಪ್ಪಾಗಿ ಬರುತ್ತದೆ. ತಾಯಿಯ ಹೊಟ್ಟೆಯಿಂದ ಬೆಳ್ಳಗೇ ಹುಟ್ಟುತ್ತದೆ. ಹೊರಗೆ ಬಂದ ಮೇಲೆ ಮೂಗು, ಕಿವಿ, ಬಾಲ ಮೊದಲು ತಣ್ಣಗಾಗುತ್ತವೆ, ಅಲ್ಲಿ ಕಪ್ಪು ಕೂಡುತ್ತದೆ. ಮೂರು ನಾಲ್ಕು ವರ್ಷದವರೆಗೂ ಬೆಳೆಯುತ್ತಲೇ, ಕಪ್ಪಾಗುತ್ತಲೇ ಇರುತ್ತದೆ. ಬೋಳಿಸಿ ಕೂಲರಿನ ಮುಂದೆ ಮಲಗಿಸಿದರೆ ಬೆನ್ನೂ ಕಿವಿಯ ಹಾಗೆ ಆಗುತ್ತದೆ.

“ಪಾದ ಯಾಕೆ ಬೆಳ್ಳಗಿವೆ? ಅವೂ ತಣ್ಣಗಿರುತ್ತವಲ್ಲ?”

ಅದು ಬೇರೆ ಲೆಕ್ಕ, ಅದು ಹುಟ್ಟಿನಿಂದ ಬಂದ ಬಿಳಿ ಎಂದರು. ನನಗೆ ಸಮಾಧಾನವಾಗಲಿಲ್ಲ, ಆದರೆ ಉಳಿದದ್ದು ಒಪ್ಪಿತು. ಮೂವತ್ತು ವರ್ಷದಿಂದ ನಾನು ಕೂಸಿನ ಕಿವಿ ಮುಚ್ಚುವ ಕುಂಚಿಗೆ ಕಟ್ಟಿದ್ದು ಅದೇ ಜಾಗಕ್ಕೆ. ಕೂಸಿಗೂ ಮೊದಲು ತಣ್ಣಗಾಗುವುದು ಕಿವಿ, ಮೂಗಿನ ತುದಿ. ಕೂಸುಗಳು ಕಪ್ಪಾಗಿ ತೋರಿಸುವುದಿಲ್ಲ, ಶೀತವಾಗಿ ತೋರಿಸುತ್ತವೆ. ಅಷ್ಟೇ ವ್ಯತ್ಯಾಸ.

“ಹಾಗಾದರೆ ಹುಟ್ಟಿದ ದಿನದಿಂದ ಇದಕ್ಕೆ ಕುಂಚಿಗೆ ಕಟ್ಟಿದ್ದರೆ ಕಿವಿ ಬೆಳ್ಳಗೇ ಇರುತ್ತಿತ್ತೇ?” ಎಂದೆ. ಡಾಕ್ಟರು ನಕ್ಕರು. ಇರಬಹುದು ಎಂದರು. ಒಂದು ಚೀಟಿ ಬರೆದುಕೊಟ್ಟರು.

ಚೀಟಿ ಇಂಗ್ಲಿಷಿನಲ್ಲಿತ್ತು. ಧರಮಪೇಠದ ಮನೆಗೆ ಒಯ್ದೆ. ಯಜಮಾನರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ ಅರ್ಥ ಹೇಳಿದರು. ಯಜಮಾನಿ ಕೇಳಿಸಿಕೊಂಡರು.

“ಡಾಕ್ಟರು ನಮ್ಮ ಬೆಕ್ಕನ್ನ ಮೊದಲು ನೋಡಿದಾರೇನ್ರೀ? ಈ ಬೆಕ್ಕು ಯಾಕೆ ಕಪ್ಪಗಾಯ್ತು ಅಂತ ಬರೆದಿದಾರೆ. ಈ ಬೆಕ್ಕು ನಮ್ಮದು ಅಂತ ಎಲ್ಲಿ ಬರೆದಿದಾರೆ?”

ಮಾತು ಸರಿಯಾಗಿಯೇ ಇತ್ತು. ಆ ಹೆಂಗಸು ಕೆಟ್ಟವರಲ್ಲ. ಮೋಸ ಹೋಗುವ ಹೆದರಿಕೆ ಇರುವವರು, ಅಷ್ಟೇ. ನಾನೂ ದಾರಿಯಲ್ಲಿ ಯೋಚಿಸಿಕೊಂಡೇ ಬಂದಿದ್ದೆ.

“ಅಮ್ಮಾರ, ನಿಮ್ಮ ಕಣ್ಣ ಮುಂದನ ಬೆನ್ನ ಮ್ಯಾಲ ಒಂದು ಅಂಗೈಯಷ್ಟು ಬೋಳಸ್ತೇನಿ. ಬೆಕ್ಕು ನಿಮ್ಮ ಮನ್ಯಾಗ ಇರ್ಲಿ, ಹಿತ್ತಲ ಬಚ್ಚಲದಾಗ, ಬಂಬದ ಬಾಜೂಕ. ನಾ ಒಯ್ಯಂಗಿಲ್ಲ. ಬೋಳಿಸಿದಲ್ಲಿ ಕೂಸಿನ ಹೊಟ್ಟಿ ಪಟ್ಟಿ ಕಟ್ಟಿ ಬೆಚ್ಚಗ ಇಡ್ತೇನಿ. ಅಲ್ಲಿ ಮತ್ತ ಕರ್ರಗ ಬಂತಂದ್ರ ನಾ ಕಳ್ಳಿ. ಬೆಳ್ಳಗ ಬಂತಂದ್ರ ನಾ ಹೇಳಿದ್ದು ಖರೆ, ಬೆಕ್ಕು ನಿಮ್ಮದ.”

ಯಜಮಾನರು ಪೇಪರ್ ಮಡಿಸಿ, “ಆಗಲಿ ಬಿಡೇ. ಕೋರ್ಟಿಗಿಂತ ಬೇಗ ಆಗತ್ತೆ” ಎಂದರು.

ಹಾಗೆ ನಾನು ಮತ್ತೆ ದಿನಾ ಬೆಳಿಗ್ಗೆ ಆ ಮನೆಗೆ ಹೋಗತೊಡಗಿದೆ. ಕೂಸಿಗಲ್ಲ, ಬೆಕ್ಕಿಗೆ. ಹಿತ್ತಲ ಬಾಗಿಲಲ್ಲಿ ಕೂತು, ಕಾಲು ಚಾಚಿ, ಬೆಕ್ಕನ್ನು ಮಲಗಿಸಿ, ಹಳೆಯ ಪಟ್ಟಿ ಬಿಚ್ಚಿ, ಸ್ವಲ್ಪ ಗಾಳಿಗೆ ಬಿಟ್ಟು, ಒಗೆದ ಪಟ್ಟಿ ಬಂಬದ ಮೇಲೆ ಬೆಚ್ಚಗೆ ಮಾಡಿ ಕಟ್ಟುವುದು. ಅದು ಸತ್ತವರ ಹಾಗೆ ಬಿದ್ದಿರುವುದು. ಯಾವ ಕೂಸೂ ಅಷ್ಟು ಚಂದ ಪಟ್ಟಿ ಕಟ್ಟಿಸಿಕೊಂಡಿಲ್ಲ. ಮೊದಲಿನ ಎರಡು ವಾರ ಅಲ್ಲಿ ಏನೂ ಬರಲಿಲ್ಲ, ಬರೀ ಗುಲಾಬಿ ಚರ್ಮ.

ಅದೇ ಹೊತ್ತಿಗೆ ಒಳಗಿನ ಬಚ್ಚಲಲ್ಲಿ ಯಜಮಾನಿ ಕೂಸಿಗೆ ಸ್ನಾನ ಮಾಡಿಸುತ್ತಿದ್ದರು. ಪ್ಲಾಸ್ಟಿಕ್ ಟಬ್ಬು, ಸ್ಟೂಲು. ಕೂಸು ಊರು ಕೇಳುವ ಹಾಗೆ ಅರಚುತ್ತಿತ್ತು. ಕಣ್ಣಿಗೆ ಸೋಪು ಹೋದಾಗಿನ ಅಳು ಬೇರೆ, ಜಾರುತ್ತೇನೆಂಬ ಹೆದರಿಕೆಯ ಅಳು ಬೇರೆ. ನನಗೆ ಗೋಡೆಯ ಈಚೆಯಿಂದಲೇ ಯಾವುದು ಯಾವುದೆಂದು ಗೊತ್ತಾಗುತ್ತಿತ್ತು. ನಾನು ಈಚೆ ಬೆಕ್ಕಿಗೆ ಪಟ್ಟಿ ಕಟ್ಟಿದೆ.

ಒಂದು ದಿನ ಮಗಳು ಕದ್ದು ಹಿತ್ತಲಿಗೆ ಬಂದಳು. ಬೆಕ್ಕಿನ ಕಿವಿ ಸವರಿದಳು.

“ಅಜ್ಜಿ, ಬೋಳಿಸಿದಾಗ ನನಗೆ ಯಾಕೆ ಹೇಳಲಿಲ್ಲ?”

“ಹೇಳಬೇಕಾಗಿತ್ತು. ತಪ್ಪಾತು.”

“ನನಗೆ ಮೊದಲ ದಿನವೇ ಗೊತ್ತಿತ್ತು ಇವನೇ ಅಂತ.”

“ಗೊತ್ತಿದ್ದರ ನಿಮ್ಮವ್ವನ ಮುಂದ ಗಟ್ಟಿ ಹೇಳಬೇಕಾಗಿತ್ತು. ನಿಂದೂ ತಪ್ಪಾತು.”

ಒಳಗೆ ಕೂಸು ಅರಚಿತು, ಹೋದಳು.

ನಾಲ್ಕನೇ ವಾರ ಒಂದು ವಿಷಯ ಗಮನಕ್ಕೆ ಬಂತು. ನಾನು ಪಟ್ಟಿಯ ಗಂಟನ್ನು ಎಡಕ್ಕೆ ಹಾಕುತ್ತೇನೆ. ಬೆಳಿಗ್ಗೆ ಬಂದು ನೋಡಿದರೆ ಗಂಟು ಬಲಕ್ಕಿತ್ತು. ಮರುದಿನವೂ ಬಲಕ್ಕೆ. ಯಾರೋ ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಿದ್ದರು. ಮಗಳು ಎಡಗೈಯವಳು, ಅವಳ ಗಂಟೂ ನನ್ನ ಹಾಗೇ ಎಡಕ್ಕೆ ಬೀಳುತ್ತದೆ. ಯಜಮಾನರಿಗೆ ತಮ್ಮ ಪಾಯಿಜಾಮದ ಲಾಡಿಯೇ ಸರಿಯಾಗಿ ಕಟ್ಟಲು ಬರುತ್ತಿರಲಿಲ್ಲ. ನಾನು ಎಂದಿನಂತೆ ಎಡಕ್ಕೇ ಗಂಟು ಹಾಕಿದೆ. ಪಟ್ಟಿಯ ಕೆಳಗೆ ಅಷ್ಟು ಹೊತ್ತಿಗೆ ಸಣ್ಣಗೆ ಕೂದಲು ಮೂಡುತ್ತಿತ್ತು, ಹಾಲಿನ ಕೆನೆಯ ಬಣ್ಣದ್ದು.

ಆರನೇ ವಾರ ಮುಗಿದ ಮೇಲೆ ಎಲ್ಲರನ್ನೂ ಕರೆದು ಪಟ್ಟಿ ಬಿಚ್ಚಿದೆ. ಕಾಫಿ ಬಣ್ಣದ ಬೆನ್ನಿನ ನಡುವೆ ಅಂಗೈಯಗಲದ ಬಿಳಿ ಚೌಕ. ಸುಣ್ಣ ಕಿತ್ತ ಗೋಡೆಗೆ ತೇಪೆ ಹಾಕಿದ ಹಾಗೆ. ಯಜಮಾನರು ಬಗ್ಗಿ ನೋಡಿ, “ಬಿಳಿ ಬಂದಿದೆ ಕಣೇ” ಎಂದರು. ಮಗಳು ಫೋಟೋ ತೆಗೆದಳು. ಯಜಮಾನಿ ಬಾಗಿಲಲ್ಲೇ ನಿಂತಿದ್ದರು, ಹತ್ತಿರ ಬರಲಿಲ್ಲ. ಅವರಿಗೆ ನೋಡುವುದೇನಿತ್ತು?

ಆಮೇಲೆ ಯಜಮಾನಿಯೇ, “ಬಂಬದಲ್ಲಿ ನೀರು ಕಾದಿದೆ ಅಜ್ಜಿ. ಮಗೂನ ಇವಳು ಕರ್ಕೊಂಡು ಬರ್ತಾಳೆ, ಕೂತ್ಕೊಳ್ಳಿ” ಎಂದರು.

ತಪ್ಪಾಯಿತು ಎನ್ನುವುದಕ್ಕಿಂತ ಅದು ಅವರಿಗೆ ಕಷ್ಟದ ಮಾತು. ಅದು ನನಗೆ ತಿಳಿಯಿತು. ಆದರೆ ನಾನು ಮಣೆ ಮುಟ್ಟಲಿಲ್ಲ.

“ಇವತ್ತ ಮಂಗಳವಾರ ಅಮ್ಮಾರ” ಎಂದೆ.

“ಹೌದು. ಅದಕ್ಕೇನು?”

“ಮಾತು ಎಲ್ಲಿ ಹೋಗಿ ಬಿದ್ದೈತಿ, ಅಲ್ಲಿಂದನ ಎತ್ತಿಕೊಂಡು ಬರ್ರಿ. ಬೆಕ್ಕು ಒಯ್ದು ಎಲ್ಲಾರಿಗೂ ತೋರಸ್ರಿ. ನಾ ನಾಳಿ ಮುಂಜಾನಿ ಬರ್ತೇನಿ. ನೀರು ಕಾಯ್ಲಿ.”

ಯಜಮಾನಿಯ ಮುಖ ಕೆಂಪಾಯಿತು. ಬಚ್ಚಲ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ಬಂದು ನಿಂತ ಮಗಳು, “ಅಜ್ಜಿ ಹೇಳೋದು ಬರೋಬರ್ ಇದೆಯಮ್ಮ” ಎಂದಳು. ಈ ಸಲ ಗಟ್ಟಿಯಾಗಿಯೇ ಹೇಳಿದಳು.

ಹೋದರು. ಭಜನೆಗೆ ನಾನು ಹೋಗಲಿಲ್ಲ, ಬಿಜಾಪುರದವಳು ಆಮೇಲೆ ಹೇಳಿದಳು. ಮಂಗಳಾರತಿ ಆದ ಮೇಲೆ ಯಜಮಾನಿ ಬುಟ್ಟಿ ತೆರೆದು, ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ತಾನು ದುಡುಕಿದೆ ಎಂದೂ ಹೇಳಿದರಂತೆ, ಆದರೆ ಅಜ್ಜಿಯೂ ಕೇಳದೆ ಬೋಳಿಸಬಾರದಿತ್ತು ಎಂದು ಸೇರಿಸಿದರಂತೆ. ಸೇರಿಸಲಿ, ಅದು ನಿಜ. ಬೆಕ್ಕು ತೊಡೆಯಿಂದ ತೊಡೆಗೆ ಹೋಯಿತಂತೆ. ಎಲ್ಲರೂ ಬಿಳಿ ಚೌಕ ಮುಟ್ಟಿ ನೋಡಿದರಂತೆ. ಬೆಕ್ಕು ಪ್ರತಿ ತೊಡೆಯ ಮೇಲೂ ಜೀವವಿಲ್ಲದ ಹಾಗೆ ಬಿದ್ದು, ಕೊನೆಗೆ ತಾಳದ ಪಕ್ಕದಲ್ಲಿ ಮಲಗಿತಂತೆ.

“ಸೊಸಿ ತೌರಿಗೆ ಹೋಗಲಿಲ್ಲ ರಿ ಅಕ್ಕಾರ, ಇಲ್ಲೇ ಹಡದಾಳ. ನೀವ ಬರ್ರಿ” ಎಂದಳು.

ಮರುದಿನ ಬೆಳಿಗ್ಗೆ ಧರಮಪೇಠಕ್ಕೆ ಹೋಗಿ ಬಂಬಕ್ಕೆ ಎರಡು ಕಟ್ಟಿಗೆ ಹೆಚ್ಚು ಹಾಕಿದೆ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದೆ. ಯಜಮಾನಿ ತಾವೇ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದರು. ಐದನೇ ತಿಂಗಳು, ಭಾರವಾಗಿತ್ತು. ಟಬ್ಬಿನ ಹೆದರಿಕೆಯಲ್ಲಿ ಕೋಲಿನಂತೆ ಸೆಟೆದುಕೊಂಡು ನನ್ನ ಮುಖ ನೋಡಿ ಅರಚಿತು. ಬೆಕ್ಕು ಬಂದು ಬಚ್ಚಲ ಬಾಗಿಲಲ್ಲಿ ಕೂತಿತು.

“ಏನ್ ಅಜ್ಜಿ, ಹೀಗೆ ಸೆಟೆದಿದಾನೆ?” ಎಂದರು ಯಜಮಾನಿ.

“ಮೂರು ದಿನ ಬೇಕ್ರಿ” ಎಂದು ಎಣ್ಣೆಯ ಬಟ್ಟಲು ಹತ್ತಿರ ಎಳೆದುಕೊಂಡೆ.